ಚೆಕಿಂಗಪ್ಪನ ಮನೆಯ ಎರಡನೇ ಡಬ್ಬ

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬೇಕು. ಚೆಕಿಂಗಪ್ಪನಿಗೆ ಅದು ಬರಲಿಲ್ಲ. ಸಾರಿಗೆ ಕಂಪನಿ ಅವನ ಸಮವಸ್ತ್ರ ವಾಪಸ್ ತಗೊಂಡಿತು, ಬ್ಯಾಡ್ಜು ತಗೊಂಡಿತು, ಅನುಮಾನವನ್ನು ಮಾತ್ರ ಅವನ ಹತ್ತಿರವೇ ಬಿಟ್ಟು ಕಳಿಸಿತು. ಅದನ್ನು ಹೊತ್ತುಕೊಂಡು ಮನೆಗೆ ಬಂದವನು ಗ್ಯಾಸ್ ಸಿಲಿಂಡರನ್ನು ಎತ್ತಿ ಎತ್ತಿ ತೂಕ ನೋಡುವುದು, ಹಾಲಿನವನ ಅಳತೆಯ ಪಾತ್ರೆಯ ತಳ ಮುಟ್ಟಿ ನೋಡುವುದು, ಹೆಂಡತಿ ಫೋನಿನಲ್ಲಿ ದನಿ ತಗ್ಗಿಸಿದರೆ ಟೀವಿ ದನಿಯನ್ನೂ ತಗ್ಗಿಸುವುದು, ಇದರಲ್ಲೇ ಹೊತ್ತು ಕಳೆಯತೊಡಗಿದ.

ಸರ್ವೀಸಿನಲ್ಲಿದ್ದಾಗ ಅವನ ಹೆಸರು ಕೇಳಿದರೆ ಕಂಡಕ್ಟರುಗಳು ಚೀಲದ ಚಿಲ್ಲರೆಯನ್ನು ಮತ್ತೊಮ್ಮೆ ಎಣಿಸುತ್ತಿದ್ದರು. ಅವನದೊಂದು ಪದ್ಧತಿಯಿತ್ತು. ಜೊತೆಗಾರನನ್ನು ಹಿಂದಿನ ಬಾಗಿಲಿಂದ ಹತ್ತಿಸಿ ತಾನು ಮುಂದಿನ ಬಾಗಿಲಿಂದ ಹತ್ತುವುದು. ಟಿಕೆಟ್ ಕೇಳುವ ಮೊದಲೇ ತಲೆ ಎಣಿಸುವುದು. ಕೈ ನೋಡುತ್ತಿರಲಿಲ್ಲ, ಗಂಟಲು ನೋಡುತ್ತಿದ್ದ. ಟಿಕೆಟ್ ಇಲ್ಲದವನು ಉಗುಳು ನುಂಗುತ್ತಾನೆ, ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬರುತ್ತದೆ, ಅಷ್ಟು ಸಾಕು. ಹೀಗೆ ಹಿಡಿದವರಲ್ಲಿ ಕೂಲಿಯವರು, ಮನೆಗೆಲಸಕ್ಕೆ ಹೋಗುವ ಹೆಂಗಸರು, ಜೇಬು ಹರಿದವರು ಇದ್ದರು. ಕಾರಲ್ಲಿ ಓಡಾಡುವ ಕಳ್ಳರನ್ನು ಅವನು ಒಂದು ಸಲವೂ ಹಿಡಿಯಲಿಲ್ಲ. ಕಾರಿಗೆ ಟಿಕೆಟ್ ಎಲ್ಲಿದೆ? ಮದುವೆಯಾದ ಹೊಸದರಲ್ಲಿ ಹೆಂಡತಿಯ ತಮ್ಮನನ್ನೇ ಹಿಡಿದು ದಂಡ ಹಾಕಿ ನಡುದಾರಿಯಲ್ಲಿ ಇಳಿಸಿದ್ದ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ, ಬೇಕಾದಾಗ ತೆಗೆದು ಮುಖಕ್ಕೆ ಹಿಡಿಯುತ್ತಾಳೆ. ‘ಚೆಕಿಂಗಪ್ಪ’ ಎನ್ನುವ ಹೆಸರಿಟ್ಟವನು ಆ ತಮ್ಮನೇ. ಬೀದಿಗೆಲ್ಲ ಅದೇ ನಿಂತಿತು.

ಮನೆ ಎಂದರೆ ಮೂರು ಅಂಕಣದ ಉದ್ದನೆಯ ಬಾಡಿಗೆ ಮನೆ, ರೈಲಿನ ಡಬ್ಬಿಯಂತೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಮಷೀನು, ನಡುವೆ ಅಡುಗೆಮನೆ, ಹಿಂದೆ ಮಗಳ ಕೋಣೆ. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವ ಕೆಲಸಕ್ಕೆ ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನಕ್ಕೆ ಬರುವಳು. ಗಂಡನ ಮನೆ ಬಿಟ್ಟು ಬಂದವಳು. ಆ ಗಂಡನನ್ನು ಆರಿಸಿದವನು ಚೆಕಿಂಗಪ್ಪನೇ. ಹುಡುಗನ ಆಫೀಸು, ಅಕ್ಕಪಕ್ಕದ ಮನೆ, ಹಳೆಯ ಬಾಡಿಗೆ ಮಾಲೀಕ, ಎಲ್ಲವನ್ನೂ ಎರಡೂ ಕಡೆಯಿಂದ ತಪಾಸಣೆ ಮಾಡಿಯೇ ಕೊಟ್ಟಿದ್ದ. ಆ ತಪಾಸಣೆಯಲ್ಲಿ ಸಿಗದೆ ಹೋದದ್ದು ಒಂದೇ, ಹೆಂಡತಿಗೆ ಹೊಡೆಯುವ ಅವನ ಕೈ. ಮಗಳು ಒಂದು ಚೀಲ ಹಿಡಿದು ಬಂದು ಹಿಂದಿನ ಕೋಣೆಯಲ್ಲಿ ಮಲಗಿದಳು. ಅಪ್ಪ ಏನೂ ಕೇಳಲಿಲ್ಲ. ಅವನು ಪ್ರಶ್ನೆ ಕೇಳದೆ ಬಿಟ್ಟದ್ದು ಅದೊಂದೇ ಸಲ.

ಹಾಗೆ ಬಂದವಳು ಬದುಕು ಕಟ್ಟಿಕೊಂಡದ್ದು ಒಂದು ಆಟದಲ್ಲಿ. ಕಂಪ್ಯೂಟರಿನಲ್ಲಿ ಐದು ಜನರ ತಂಡ ಇನ್ನೊಂದು ಐದು ಜನರ ತಂಡದ ಮೇಲೆ ಬಂದೂಕು ಹಿಡಿದು ನುಗ್ಗುವ ಆಟ. ಅವಳ ತಂಡದಲ್ಲಿ ಇರುವವರೆಲ್ಲ ಹೆಂಗಸರು, ಬೇರೆ ಬೇರೆ ಊರಿನವರು, ಮುಖ ನೋಡಿಕೊಂಡವರಲ್ಲ. ದನಿ ಮಾತ್ರ ಪರಿಚಯ. ಒಬ್ಬಳನ್ನು ಬಿಟ್ಟು. ಅವಳು ಮಹಡಿಯ ಮೇಲಿನ ಬಾಡಿಗೆಯವಳು, ಬೀದಿ ತುದಿಯಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ಮಗಳಿಗೆ ಈ ಆಟದ ಹುಚ್ಚು ಹಿಡಿಸಿದವಳೂ ಅವಳೇ. ಇವರ ಕ್ಯಾಪ್ಟನ್ ಎನ್ನುವವಳು ಎಲ್ಲೋ ದೂರದ ಊರಲ್ಲಿ ಕೂತು ಇವರನ್ನೆಲ್ಲ ಗದರುತ್ತಿದ್ದಳು. ಮಗಳ ಕೆಲಸ ಹಿಂದೆ ನಿಂತು ಎಲ್ಲರ ಬೆನ್ನು ಕಾಯುವುದು. “ನಮ್ಮ ಬೆನ್ನಿಗೆ ನೀನಿದ್ರೆ ತಿರುಗಿ ನೋಡೋ ಕೆಲಸ ಇಲ್ಲ ಕಣೇ” ಎಂದು ಕ್ಯಾಪ್ಟನ್ ಒಮ್ಮೆ ಹೇಳಿದ್ದಳು. ಮಗಳು ಅದನ್ನು ಅಮ್ಮನಿಗೆ ಮೂರು ಸಲ ಹೇಳಿದಳು. ಅವಳನ್ನು ನಂಬಿ ಯಾರೋ ಬೆನ್ನು ಕೊಟ್ಟದ್ದು ಅದೇ ಮೊದಲು.

ತೊಂದರೆ ಏನೆಂದರೆ ಇಂಟರ್ನೆಟ್ಟಿನ ಡಬ್ಬ, ಅಂದರೆ ರೂಟರು, ಮುಂಬಾಗಿಲ ಮೇಲೆ ಮೊಳೆ ಹೊಡೆದು ಕೂತಿತ್ತು. ಎಲ್ಲರ ಕಣ್ಣಿಗೂ ಕಾಣುವ ಜಾಗದಲ್ಲಿರಲಿ ಎಂದು ಚೆಕಿಂಗಪ್ಪನೇ ಹೊಡೆಸಿದ್ದ. ಅಡುಗೆಮನೆಯ ಎರಡು ಗೋಡೆ ದಾಟಿ ಹಿಂದಿನ ಕೋಣೆಗೆ ಬರುವ ಹೊತ್ತಿಗೆ ಸಿಗ್ನಲ್ಲಿಗೆ ಏದುಸಿರು. ನಡು ಆಟದಲ್ಲಿ ಮಗಳು ಕಲ್ಲಿನ ಬೊಂಬೆಯಂತೆ ನಿಂತುಬಿಡುವಳು, ಹಿಂದಿನಿಂದ ಬಂದವರು ಗೆಳತಿಯರಿಗೆಲ್ಲ ಗುಂಡಿಕ್ಕಿ ಹೋಗುವರು. ಕ್ಯಾಪ್ಟನ್ ಕಡೆಗೊಂದು ಮಾತು ಹೇಳಿದಳು: “ಬರೋ ಭಾನುವಾರ ದೊಡ್ಡ ಆಟ. ಅವತ್ತೂ ನೀನು ನಿಂತ್ಕೊಂಡ್ರೆ ನಿನ್ನ ಜಾಗಕ್ಕೆ ಬೇರೆಯವಳನ್ನ ತಗೋತೀನಿ. ಬೇಜಾರು ಮಾಡ್ಕೋಬೇಡ.”

ಅವತ್ತೇ ಸಂಜೆ ಪಾರ್ಲರಿನವಳು ಕಂಕುಳಲ್ಲಿ ಒಂದು ಡಬ್ಬ, ಕೈಯಲ್ಲಿ ಸುರುಳಿ ಸುತ್ತಿದ ಕೇಬಲ್ ಹಿಡಿದು ಮಹಡಿ ಇಳಿದು ಬಂದಳು. ಮಗಳು ಸ್ಟೂಲು ಹಾಕಿಕೊಂಡು ಅಡುಗೆಮನೆಯ ಕಿಂಡಿಯಲ್ಲಿ ಕೇಬಲ್ ತೂರಿಸತೊಡಗಿದಳು. ಚೆಕಿಂಗಪ್ಪ ಕೈ ಹಿಂದೆ ಕಟ್ಟಿಕೊಂಡು ಬಂದು ನಿಂತ.

“ಇದೇನು?”

“ಇನ್ನೊಂದು ರೂಟರು, ದೊಡ್ಡಪ್ಪ” ಎಂದಳು ಪಾರ್ಲರಿನವಳು. “ನಮ್ಮನೇಲಿ ಸುಮ್ನೆ ಬಿದ್ದಿತ್ತು. ಹಳೇ ಲೈನ್ ಬಿಟ್ಟು ಹೊಸಾದು ಹಾಕಿಸ್ಕೊಂಡ್ವಲ್ಲ, ಆ ಕಂಪನಿಯೋರು ಇದನ್ನ ವಾಪಸ್ ಕೇಳ್ಲೇ ಇಲ್ಲ.”

“ಕೇಳ್ಲಿಲ್ಲ ಅಂತ ಇಟ್ಕೊಂಡ್ರಾ?”

“ಇಟ್ಕೊಳ್ಲಿಲ್ಲವಲ್ಲ, ನಿಮ್ಮನೆಗೆ ತಂದೆ.”

“ಸುಮ್‌ಸುಮ್ನೆ ಯಾರಾದ್ರೂ ಕೊಡ್ತಾರಾ?”

“ಕೊಡ್ತಾರೆ ದೊಡ್ಡಪ್ಪ. ನೀವು ಬಸ್ಸಲ್ಲೇ ಇದ್ದು ಇದ್ದು ಅಂಥೋರನ್ನ ನೋಡಿಲ್ಲ ಅಷ್ಟೇ.”

ಹೊಲಿಗೆ ಮಷೀನಿನ ಕಡೆಯಿಂದ ಹೆಂಡತಿ ಕಿಸಕ್ಕೆಂದಳು. ಚೆಕಿಂಗಪ್ಪ ಅತ್ತ ತಿರುಗಿ ನೋಡಿದ. ಮಷೀನು ಮತ್ತೆ ಕಟಕಟ ಎಂದಿತು.

ಮಗಳು ನೆಲದ ಮೇಲೆ ಕೂತು ಅಪ್ಪನಿಗೆ ಅರ್ಥವಾಗುವ ಹಾಗೆ ಹೇಳಿದಳು. ಮೊದಲನೇ ಡಬ್ಬದಿಂದ ಈ ಕೇಬಲ್ ಎರಡನೇ ಡಬ್ಬಕ್ಕೆ ಬರುತ್ತದೆ. ಮನೆಯೊಳಗಿನ ಪ್ರತಿ ಫೋನಿಗೂ ಒಂದೊಂದು ನಂಬರ್ ಕೊಡುವುದು ಮೊದಲನೇ ಡಬ್ಬದ ಕೆಲಸ. ಎರಡನೆಯದೂ ಕೊಡೋಕೆ ಶುರುಮಾಡಿದರೆ ಗೊಂದಲ, ಆದ್ದರಿಂದ ಅದರ ನಂಬರ್ ಹಂಚುವ ಕೆಲಸವನ್ನು ನಿಲ್ಲಿಸಬೇಕು.

“ಒಂದೇ ಬಸ್ಸಲ್ಲಿ ಇಬ್ಬರು ಕಂಡಕ್ಟರ್ ಟಿಕೆಟ್ ಹರಿದಂಗಾಗುತ್ತೆ ಅಪ್ಪ. ಅದಕ್ಕೆ ಒಬ್ಬನ ಮಷೀನ್ ಕಿತ್ಕೊಂಡು ಸುಮ್ನೆ ಬಾಗಿಲಲ್ಲಿ ನಿಲ್ಲಿಸ್ತೀವಿ.”

ಈ ಮಾತು ಅವನಿಗೆ ಹಿಡಿಸಿತು. ಆದರೆ ಮುಂದಿನದು ಹಿಡಿಸಲಿಲ್ಲ. ಎರಡೂ ಡಬ್ಬಕ್ಕೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಳು. ಮನೆಯಲ್ಲಿ ಎಲ್ಲಿ ಓಡಾಡಿದರೂ ಫೋನು ತಾನಾಗಿ ಹತ್ತಿರದ ಡಬ್ಬ ಹಿಡಿಯಲಿ ಎಂದು.

“ಎರಡೂ ಬಾಗಿಲಿಗೆ ಒಂದೇ ಹೆಸರಿಟ್ರೆ ಯಾವನು ಎಲ್ಲಿ ಹತ್ತಿದ ಅಂತ ಹೆಂಗೆ ಗೊತ್ತಾಗೋದು?”

“ಮನೇಲಿರೋದು ಮೂರು ಜನ ಅಪ್ಪ. ಯಾವನು ಹತ್ತುತ್ತಾನೆ?”

ಅವನು ಮಾಡಿನ ಕಡೆ ನೋಡಿದ. ಮಾಡಿನ ಮೇಲೆ ಪಾರ್ಲರಿನವಳ ಮನೆ.

ಎರಡನೇ ಡಬ್ಬ ಮಗಳ ಕೋಣೆಯ ಕಿಟಕಿಯಲ್ಲಿ ಕೂತು ಹಸಿರು ಕಣ್ಣು ಬಿಟ್ಟಿತು. ಅಲ್ಲಿಂದ ಒಂದು ಗಿಡ್ಡ ವೈರು ಅವಳ ಕಂಪ್ಯೂಟರಿಗೆ. ಆಟ ನೀರು ಹರಿದಂತೆ ಹರಿಯಿತು. ಮಗಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, “ಅಕ್ಕಾ ಎಡಕ್ಕೆ, ಎಡಕ್ಕೆ! ನಾನಿದ್ದೀನಿ, ನುಗ್ಗು!” ಎಂದು ಕೂಗುವುದು ಬೀದಿಗೆ ಕೇಳುತ್ತಿತ್ತು. ಮೇಲಿನಿಂದ ಪಾರ್ಲರಿನವಳ ಕೂಗು ಅದಕ್ಕೆ ಸೇರಿಕೊಳ್ಳುತ್ತಿತ್ತು. ಹೆಂಡತಿ ಊಟಕ್ಕೆ ಕರೆಯುವುದನ್ನೂ ಮರೆತು ಬಾಗಿಲಲ್ಲಿ ನಿಂತು ನೋಡುವಳು. ಮಗಳು ನಗುವುದನ್ನು ಅವಳು ನೋಡಿ ಬಹಳ ಕಾಲವಾಗಿತ್ತು.

ಎಲ್ಲ ಸರಿಯಿದ್ದರೆ ಚೆಕಿಂಗಪ್ಪನಿಗೆ ನಿದ್ದೆ ಬರುವುದಿಲ್ಲ. ಫೋನ್ ಹಿಡಿದು ಮನೆಯ ಸುತ್ತ ತಿರುಗಿದ. ಹಿತ್ತಲಲ್ಲಿ ಸಿಗ್ನಲ್. ಹೊರಗಿನ ಮೆಟ್ಟಿಲಲ್ಲಿ ಸಿಗ್ನಲ್. ಮೆಟ್ಟಿಲು ಹತ್ತಿ ಪಾರ್ಲರಿನವಳ ಬಾಗಿಲ ತನಕ ಹೋದರೆ ಅಲ್ಲೂ ಎರಡು ಗೆರೆ! ಅವನ ಎದೆ ಧಸಕ್ಕೆಂದಿತು, ಅದರ ಜೊತೆಗೇ ಒಂಥರ ಖುಷಿಯೂ ಆಯಿತು. ಅಲ್ಲೇ ಮೇಲಿನ ಮೆಟ್ಟಿಲ ಮೇಲೆ ಪಾರ್ಲರಿನವಳ ಗಂಡ, ಟೈಲ್ಸ್ ಹಾಕುವ ಮೇಸ್ತ್ರಿ, ಸಿಮೆಂಟು ಹತ್ತಿದ ಕಾಲು ಚಾಚಿಕೊಂಡು ಫೋನ್ ನೋಡಿ ಹಲ್ಲು ಕಿರಿಯುತ್ತಿದ್ದ.

“ಏನ್ ಯಜಮಾನ್ರೇ, ಇಷ್ಟು ದೂರ?”

“ಗಾಳಿಗೆ ಬಂದೆ.”

“ಕೂತ್ಕಳಿ ಮತ್ತೆ. ಗಾಳಿಗೇನು, ಬಾಡಿಗೆನಾ?”

ಚೆಕಿಂಗಪ್ಪ ಅವನ ಗಂಟಲು ನೋಡಿದ. ಮೇಸ್ತ್ರಿ ಚಹಾ ಕುಡಿಯುತ್ತಿದ್ದ, ಗಂಟಲು ಮೇಲೆ ಕೆಳಗೆ ಆಗುತ್ತಲೇ ಇತ್ತು. ಏನೂ ಹೇಳುವಂತಿರಲಿಲ್ಲ.

“ಅವರ ಮನೇಲಿ ಅವರದೇ ಲೈನ್ ಇದೆಯಲ್ರೀ. ನಮ್ಮದಕ್ಕೆ ಯಾಕೆ ಬಾಯಿ ಹಾಕ್ತಾರೆ?” ಎಂದಳು ಹೆಂಡತಿ, ಅವನು ಕೆಳಗಿಳಿದು ಬಂದು ಅನುಮಾನ ತೋಡಿಕೊಂಡಾಗ, ಸೂಜಿಗೆ ದಾರ ಪೋಣಿಸುತ್ತ.

“ತಿಂಗಳ ಪಾಸ್ ಇರೋನೇ ಜಾಸ್ತಿ ಮೋಸ ಮಾಡೋದು. ಪಾಸ್ ಮನೇಲಿ ಬಿಟ್ಟು ಬಂದೆ ಅಂತಾನೆ. ನಿನಗೇನು ಗೊತ್ತು?”

“ನನಗೆ ಗೊತ್ತಿರೋದು ಒಂದೇ. ನಮ್ಮ ತಮ್ಮನ್ನ ನೀವು ನಡುದಾರೀಲಿ ಇಳಿಸಿದ್ದು.”

ಮಾರನೇ ದಿನ, ಮಗಳು ಲ್ಯಾಬಿಗೆ, ಹೆಂಡತಿ ದಾರ ತರಲು ಅಂಗಡಿಗೆ ಹೋದ ಹೊತ್ತು ನೋಡಿಕೊಂಡು ಅವನು ಕ್ಯಾಮೆರಾ ಅಂಗಡಿಯವನನ್ನು ಕರೆಸಿದ. ಲಿಂಬೆಕಾಯಿಯಷ್ಟು ದೊಡ್ಡ ಕ್ಯಾಮೆರಾ. ಮೆಟ್ಟಿಲ ತಿರುವಿನಲ್ಲಿ ಮೀಟರ್ ಬೋರ್ಡಿನ ಹಿಂದೆ ಅಡಗಿಸಿ, ಮುಖವನ್ನು ಮಹಡಿಯ ಬಾಗಿಲಿಗೆ ತಿರುಗಿಸಿ ಕೂರಿಸಿದ್ದಾಯಿತು. ವೈಫೈ ಎರಡನೇ ಡಬ್ಬದಿಂದಲೇ ಸಿಕ್ಕಿತು. ಕರೆಂಟಿಗೆ ಅಂಗಡಿಯವನು ಅತ್ತಿತ್ತ ನೋಡಿ ಮೆಟ್ಟಿಲ ಬಲ್ಬಿನ ಹೋಲ್ಡರಿನಿಂದ ಒಂದು ವೈರು ಎಳೆದ.

“ಇದು ಯಾರ ಮೀಟರು ಸಾರ್?”

“ಎಳಿ ಎಳಿ. ಇಷ್ಟು ಸಣ್ಣದಕ್ಕೆ ಎಷ್ಟು ಕರೆಂಟು ಬೇಕು, ಇದೇನು ಆನೆ ಮೇವಾ?” ಎಂದ ಚೆಕಿಂಗಪ್ಪ.

ಅಂದಿನಿಂದ ಅವನು ಮತ್ತೆ ಡ್ಯೂಟಿಗೆ ಸೇರಿದವನಂತಾದ. ಫೋನಿನಲ್ಲಿ ಮಹಡಿಯ ಬಾಗಿಲು. ಊಟ ಮಾಡುವಾಗ, ಸಂಡಾಸಿನಲ್ಲಿ, ಟೀವಿ ಮುಂದೆ, ಎಲ್ಲೆಲ್ಲೂ ಮಹಡಿಯ ಬಾಗಿಲು. ಮೇಸ್ತ್ರಿ ಬಂದ, ಚಪ್ಪಲಿ ಬಿಟ್ಟ. ಪಾರ್ಲರಿನವಳು ಬಾಗಿಲಲ್ಲಿ ಕೂದಲು ಕೊಡವಿದಳು, ಒಳಗೆ ಹೋದಳು. ಫೋನು ಹಿಡಿದು ಯಾರೂ ಮೆಟ್ಟಿಲಿಗೆ ಬರಲಿಲ್ಲ. ಒಂದು ಕ್ಷಣ ಕಣ್ಣು ಬೇರೆ ಕಡೆ ಹೊರಳಿದರೆ ಆಗಲೇ ಬಂದುಬಿಟ್ಟಾರು ಎಂದು ಅವನು ಕಣ್ಣು ಮಿಟುಕಿಸಲೂ ಯೋಚಿಸುತ್ತಿದ್ದ.

ಆಟ ಮತ್ತೆ ಸಿಕ್ಕಿಕೊಳ್ಳಲು ಶುರುವಾದದ್ದು ಅದೇ ಸಂಜೆ.

ಮಗಳು ಕೇಬಲ್ ಬಿಚ್ಚಿ ಹಾಕಿದಳು. ಡಬ್ಬ ಆರಿಸಿ ಹೊತ್ತಿಸಿದಳು. ಕಿಟಕಿಯಿಂದ ತೆಗೆದು ಮಂಚದ ಮೇಲಿಟ್ಟಳು. ಆಟ ಎರಡು ಹೆಜ್ಜೆ ಓಡುವುದು, ಎಡವುವುದು. ಕ್ಯಾಪ್ಟನ್ ದನಿ ತಣ್ಣಗಾಗಿತ್ತು, ಬೈಯುವುದನ್ನೂ ಬಿಟ್ಟಿದ್ದಳು. ಬೈಗುಳ ನಿಂತಿತೆಂದರೆ ಜಾಗ ಹೋಯಿತೆಂದೇ ಲೆಕ್ಕ. ಮಗಳ ಮುಖ ಹಳೆಯ ಮುಖವಾಯಿತು, ಚೀಲ ಹಿಡಿದು ಬಂದ ದಿನದ ಮುಖ.

ಚೆಕಿಂಗಪ್ಪನಿಗೆ ಇನ್ನೇನು ಸಾಕ್ಷಿ ಬೇಕು? ಯಾರೋ ಹತ್ತಿಕೊಂಡಿದ್ದಾರೆ. ಬಸ್ಸು ಜಗ್ಗುತ್ತಿದೆ. ಅವನು ಇನ್ನಷ್ಟು ಹೊತ್ತು ಫೋನ್ ಹಿಡಿದು ಕೂತ. ಆಟ ಇನ್ನಷ್ಟು ಸಿಕ್ಕಿಕೊಂಡಿತು. ಅದು ಹೆಚ್ಚಾದಷ್ಟೂ ಇವನ ಕಾವಲು ಹೆಚ್ಚಾಯಿತು. ಚಿತ್ರದ ಗುಣಮಟ್ಟವನ್ನೂ ಏರಿಸಿಕೊಂಡ, ಕಳ್ಳನ ಕೈಯಲ್ಲಿನ ಫೋನು ಸ್ಪಷ್ಟವಾಗಿ ಕಾಣಲೆಂದು.

ಶನಿವಾರ ಕೆಲಸಕ್ಕೆ ಹೊರಟ ಪಾರ್ಲರಿನವಳನ್ನು ಅವನು ಮೆಟ್ಟಿಲ ಬುಡದಲ್ಲಿ ಅಡ್ಡಗಟ್ಟಿದ.

“ಡಬ್ಬ ಕೊಟ್ಟಿದ್ದು ಯಾಕೆ ಅಂತ ನನಗೆ ಗೊತ್ತಾಗಿದೆ.”

“ಏನ್ ಗೊತ್ತಾಯ್ತು?”

“ನಮ್ಮನೆ ಕಿಟಕೀಲಿ ನಿಮ್ಮ ಡಬ್ಬ. ಅಲ್ಲಿಂದ ಸೀದಾ ನಿಮ್ಮನೆಗೆ. ನಿಮ್ಮ ಯಜಮಾನ ಮೆಟ್ಟಿಲ ಮೇಲೆ ಕೂತು ಪುಕ್ಕಟೆ ಸಿನಿಮಾ ನೋಡೋದು, ನನ್ನ ಮಗಳ ಆಟ ಹಾಳಾಗೋದು.”

ಪಾರ್ಲರಿನವಳು ಚೀಲವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಅವಳಿಗೆ ಸಿಟ್ಟು ಬಂದಾಗ ದನಿ ಇಳಿಯುತ್ತಿತ್ತು.

“ದೊಡ್ಡಪ್ಪ, ಅವಳು ನಿಂತ್ಕೊಂಡ್ರೆ ಮೊದಲು ಗುಂಡು ಬೀಳೋದು ನನ್ನ ಬೆನ್ನಿಗೆ. ನನ್ನ ಬೆನ್ನಿಗೆ ನಾನೇ ಗುಂಡು ಹಾಕ್ಕೋತೀನಾ?”

“ಅದೆಲ್ಲ ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಎಣಿಸಿ. ನಿಮಗೆ ಬರೋದು ಅದೊಂದೇ ತಾನೇ? ನಾಳೆ ಆಟಕ್ಕೆ ಮುಂಚೆ ನಾವಿಬ್ಬರೂ ಫೋನ್ ತಗೊಂಡು ಕೆಳಗೆ ಬರ್ತೀವಿ. ಎಲ್ಲರ ಎದುರಿಗೆ ಎಣಿಸಿ. ನಮ್ಮದೊಂದು ಸಿಕ್ಕಿದ್ರೆ ನಾನೇ ತಂಡ ಬಿಡ್ತೀನಿ.”

ಭಾನುವಾರ ಸಂಜೆಗೆ ಮುಂಚೆ ಮಹಡಿಯ ಗಂಡ ಹೆಂಡತಿ ಇಬ್ಬರೂ ಕೆಳಗೆ ಬಂದರು. ಮಗಳು ಹಲ್ಲು ಕಚ್ಚಿಕೊಂಡಿದ್ದಳು. ಆಟ ಶುರುವಾಗಲು ಹೆಚ್ಚು ಹೊತ್ತಿರಲಿಲ್ಲ.

“ಅಪ್ಪ, ಇದೆಲ್ಲ ಬೇಕಾ? ಕಂಪ್ಯೂಟರಲ್ಲಿ ಮೊದಲನೇ ಡಬ್ಬದ ಪುಟ ತೆಗೆದ್ರೆ ಯಾರ್ಯಾರು ಇದ್ದಾರೆ ಅಂತ ಅದೇ ತೋರಿಸುತ್ತೆ.”

“ಕಂಡಕ್ಟರ್ ಬರೆದಿದ್ದನ್ನ ನಂಬ್ಕೊಂಡು ಯಾವನಾದ್ರೂ ಚೆಕಿಂಗ್ ಮಾಡ್ತಾನಾ? ತಲೆ ಎಣಿಸ್ಬೇಕು.”

ಪದ್ಧತಿ ಪ್ರಕಾರ ಹೆಂಡತಿಯನ್ನು ಮುಂಬಾಗಿಲ ಡಬ್ಬದ ಕೆಳಗೆ ನಿಲ್ಲಿಸಿದ. ತಾನು ಹಿಂದಿನ ಕೋಣೆಯ ಡಬ್ಬದ ಮುಂದೆ ನಿಂತ. ಲೈನಿನಲ್ಲಿ ಓಡಾಟವಿದ್ದರೆ ಡಬ್ಬದ ಒಂದು ದೀಪ ಮಿಣಕ್ ಮಿಣಕ್ ಎನ್ನುತ್ತದೆ, ಯಾರೂ ಇಲ್ಲದಿದ್ದರೆ ತೆಪ್ಪಗಿರುತ್ತದೆ ಎಂದು ಮಗಳೇ ಹೇಳಿಕೊಟ್ಟಿದ್ದಳು. ನಡುವೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲ್ ತಟ್ಟೆ.

“ಒಬ್ಬೊಬ್ಬರೇ ಇಳೀರಿ!” ಎಂದು ಕೂಗಿದ ಚೆಕಿಂಗಪ್ಪ. ಎಷ್ಟು ವರ್ಷದ ಮೇಲೆ ಆ ದನಿ ಬಂದಿತ್ತು!

ಮೇಸ್ತ್ರಿ ತನ್ನ ಫೋನನ್ನು ಆರಿಸಿ ತಟ್ಟೆಗೆ ಹಾಕಿದ. “ನೋಡಿ ಯಜಮಾನ್ರೇ, ಗಾಜು ಒಡೆದೋಗಿದೆ. ನೀವು ಒಡೆದಿದ್ದು ಅಂತ ಆಮೇಲೆ ಹೇಳಲ್ಲ, ಹೆದರಬೇಡಿ.” ಪಾರ್ಲರಿನವಳು ತನ್ನದನ್ನು ಹಾಕಿದಳು. ಹೆಂಡತಿಯದು ಬಿತ್ತು. ಮಗಳ ಫೋನು ಬಿತ್ತು. ಮಗಳು ಕಂಪ್ಯೂಟರಿನ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಟೀವಿ ಆರಿತು.

“ರೀ, ನಿಮ್ಮ ಫೋನು?” ಎಂದಳು ಹೆಂಡತಿ ಮುಂಬಾಗಿಲಿಂದ.

“ನಂದ್ಯಾಕೆ?”

“ಹಾಕ್ರೀ ಸುಮ್ನೆ.”

ಅವನು ಗೊಣಗುತ್ತ ತನ್ನ ಫೋನನ್ನೂ ಆರಿಸಿ ತಟ್ಟೆಗೆ ಎಸೆದು ಬಂದ. ಬಗ್ಗಿ ಡಬ್ಬ ನೋಡಿದ. ದೀಪ ಒಂದೇ ಸಮನೆ ಕುಣಿಯುತ್ತಿತ್ತು.

“ಹಾ! ನೋಡಿದ್ರಾ? ಎಲ್ಲರೂ ಇಳಿದ್ರೂ ಒಳಗೆ ಇನ್ನೊಬ್ಬ ಇದ್ದಾನೆ! ನಾನು ಹೇಳಿದ್ದೆ ತಾನೇ?”

“ಇಲ್ಲೂ ಕುಣೀತಿದೆ” ಎಂದು ಹೆಂಡತಿ ಕೂಗಿದಳು.

ಮೇಸ್ತ್ರಿ ತಟ್ಟೆಯನ್ನೊಮ್ಮೆ ನೋಡಿ ತಲೆ ಕೆರೆದುಕೊಂಡ. “ಇರೋರೆಲ್ಲ ತಟ್ಟೇಲಿದ್ದೀವಲ್ಲ. ಇನ್ಯಾರು? ದೆವ್ವನಾ?”

ಹೆಂಡತಿ ಅಡುಗೆಮನೆ ದಾಟಿ ಬಂದು ಗಂಡನ ಎದುರು ನಿಂತಳು. “ನಿಮ್ಮದೇ ಇನ್ನೊಂದೇನಾದ್ರೂ ಇದ್ಯೇನ್ರೀ?”

ಬಸ್ಸಿನಲ್ಲಿ ತಲೆ ಎಣಿಸುವವನು ತನ್ನ ತಲೆಯನ್ನು ಬಿಟ್ಟು ಎಣಿಸುತ್ತಾನೆ. ಅದು ಕೆಲಸದ ಅಭ್ಯಾಸ. ಚೆಕಿಂಗಪ್ಪ ಇಡೀ ಸರ್ವೀಸಿನಲ್ಲಿ ಒಮ್ಮೆಯೂ ತನ್ನನ್ನು ಸೇರಿಸಿ ಎಣಿಸಿದವನಲ್ಲ. ಮೆಟ್ಟಿಲ ತಿರುವಿನ ಆ ಲಿಂಬೆಕಾಯಿ ಅವನಿಗೆ ಈಗ ನೆನಪಾಯಿತು. ತಾನು ನೋಡಲಿ ಬಿಡಲಿ, ಮಹಡಿಯ ಬಾಗಿಲ ಚಿತ್ರವನ್ನು ಹಗಲು ರಾತ್ರಿ ಯಾವುದೋ ಕಂಪನಿಯ ಉಗ್ರಾಣಕ್ಕೆ ರವಾನಿಸುತ್ತಿರುತ್ತದೆ ಎಂದು ಅಂಗಡಿಯವನು ಹೆಮ್ಮೆಯಿಂದ ಹೇಳಿದ್ದ. ಗುಣಮಟ್ಟ ಏರಿಸಿಕೊಂಡು ಲೈನಿನ ಮೇಲಿನ ಆ ಹೊರೆಯನ್ನು ಹೆಚ್ಚಿಸಿದ್ದು ಬೇರೆ.

ಅವನು ಉಗುಳು ನುಂಗಿದ. ಹೆಂಡತಿ ಅವನ ಗಂಟಲನ್ನೇ ನೋಡುತ್ತಿದ್ದಳು.

“ಹೊರಗೆ ಒಂದ್ಸಲ ನೋಡ್ಕೊಂಡ್ ಬರ್ತೀನಿ, ತಡಿ” ಎಂದು ಮೆಲ್ಲಗೆ ಸರಿದ.

ಹೊರಗೆ ಹೋದವನು ಮೆಟ್ಟಿಲು ಹತ್ತಿ, ಮೀಟರ್ ಬೋರ್ಡಿನ ಹಿಂದೆ ಕೈ ತೂರಿಸಿ ವೈರಿಗಾಗಿ ತಡಕಾಡುತ್ತಿದ್ದಾಗ ಕೆಳಗೆ ಮೇಸ್ತ್ರಿಯ ತಲೆ ಕಾಣಿಸಿತು.

“ಅಲ್ಲೇನು ಯಜಮಾನ್ರೇ, ಕೈ ಸಿಕ್ಕಾಕ್ಕೊಂಡಿದೆಯಾ?”

“ಏನಿಲ್ಲ. ಈಗ ತೆಗೀಬೇಕು ಅಂತಿದ್ದೆ.”

ಮೇಸ್ತ್ರಿ ಹತ್ತಿ ಬಂದು ಇಣುಕಿದ. ಕ್ಯಾಮೆರಾ ನೋಡಿದ. ಅದು ಯಾವ ಕಡೆ ನೋಡುತ್ತಿದೆ ಎಂದು ತಿರುಗಿ ತನ್ನ ಮನೆ ಬಾಗಿಲು ನೋಡಿದ. ಆಮೇಲೆ ಬೆರಳಿನಿಂದ ವೈರು ಹಿಡಿದು ಹೋಲ್ಡರಿನ ತನಕ ಹೋದ.

“ಈ ಬಲ್ಬು ನಮ್ಮ ಮೀಟರಿಂದು.”

“ಹೌದಾ? ನನಗೆ ಗೊತ್ತಾಗ್ಲಿಲ್ಲ. ಅವನು ಎಳೆದ್ಬಿಟ್ಟ. ನಾನು ಕೇಳೋಣ ಅಂತಲೇ ಇದ್ದೆ, ನೀವು ಮನೇಲಿರ್ಲಿಲ್ಲ. ಇವತ್ತೊಂದಿನ ಅಷ್ಟೇ...”

ಮಾತು ಬಾಯಿಂದ ಬರುತ್ತಿದ್ದಂತೆ ಚೆಕಿಂಗಪ್ಪನಿಗೆ ಅವೆಲ್ಲ ಎಲ್ಲೋ ಕೇಳಿದ್ದು ಅನಿಸಿತು. ಎಲ್ಲೋ ಅಲ್ಲ, ಬಸ್ಸಿನಲ್ಲೇ. ಕಂಡಕ್ಟರ್ ಬರಲಿಲ್ಲ ಸಾರ್. ಈಗ ತಗೋಬೇಕಂತಿದ್ದೆ ಸಾರ್. ಮುಂದಿನ ಸ್ಟಾಪಲ್ಲೇ ಇಳೀತೀನಿ ಸಾರ್. ಒಂದೊಂದಕ್ಕೂ ಅವನು ನಕ್ಕು ರಸೀದಿ ಹರಿದಿದ್ದ. ಮೇಸ್ತ್ರಿ ನಗಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

“ಬಾರೇ ಇಲ್ಲಿ” ಎಂದು ಮೇಸ್ತ್ರಿ ತನ್ನ ಹೆಂಡತಿಯನ್ನು ಕರೆದ.

ಪಾರ್ಲರಿನವಳು ಬಂದಳು. ಹಿಂದೆಯೇ ಮಗಳು, ಅವಳ ಅಮ್ಮ. ಪಾರ್ಲರಿನವಳು ಕ್ಯಾಮೆರಾ ನೋಡಿ ಕೂಗಾಡಿಯಾಳು ಎಂದು ಎಲ್ಲರೂ ಅಂದುಕೊಂಡರು. ಅವಳು ಕೂಗಲಿಲ್ಲ.

“ಎಷ್ಟು ದಿನದಿಂದ ನೋಡ್ತಿದ್ದೀರಿ?”

“ನಿಮ್ಮನ್ನಲ್ಲಮ್ಮ. ಫೋನ್ ಹಿಡ್ಕೊಂಡು ಬರ್ತೀರಾ ಅಂತ...”

“ನಾನು ಸ್ನಾನ ಮಾಡಿ ಬಾಗಿಲಿಗೆ ಬಂದು ತಲೆ ಒರೆಸ್ಕೋತೀನಿ. ನೈಟಿಯಲ್ಲಿ ನೆಲ ಒರೆಸ್ತೀನಿ. ಅದನ್ನೆಲ್ಲ ನೋಡಿದ್ರಿ. ಊಟ ಮಾಡ್ತಾನೂ ನೋಡಿರ್ತೀರಿ. ಪುಕ್ಕಟೆ ಸಿನಿಮಾ ನೋಡಿದ್ದು ಯಾರು ದೊಡ್ಡಪ್ಪ, ನನ್ನ ಗಂಡನಾ?”

ಮೇಸ್ತ್ರಿ ಕೈ ಮುಷ್ಟಿಯಾದದ್ದನ್ನು ಚೆಕಿಂಗಪ್ಪ ಕಂಡ. ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ಅವನು ಬೇರೆಯವರಿಂದ ಬೇಕಾದಷ್ಟು ಕೇಳಿದ್ದ, ಆಡಿ ಅಭ್ಯಾಸವಿರಲಿಲ್ಲ.

“ನನ್ನ ಡಬ್ಬ ಬಿಚ್ಚಿ ಕೊಡಿ” ಎಂದಳು ಪಾರ್ಲರಿನವಳು.

ಕೆಳಗಿನ ಕೋಣೆಯಲ್ಲಿ ಮಗಳು ಕಂಪ್ಯೂಟರಿನಲ್ಲಿಟ್ಟಿದ್ದ ಅಲಾರಂ ಟಿಣ್ ಎಂದಿತು. ಆಟಕ್ಕೆ ಎಲ್ಲರನ್ನೂ ಕರೆಯುವ ಸಮಯವಾಗಿತ್ತು. ಡಬ್ಬ ಹೋದರೆ ಮಗಳು ಮತ್ತೆ ಎರಡು ಗೋಡೆಯಾಚೆಯವಳು, ಕಲ್ಲಿನ ಬೊಂಬೆ. ಮಗಳಿಗೆ ಅದು ಗೊತ್ತಿತ್ತು, ಪಾರ್ಲರಿನವಳಿಗೂ ಗೊತ್ತಿತ್ತು.

ಮಗಳು ಅಪ್ಪನ ಪರವಾಗಿ ಒಂದು ಮಾತೂ ಆಡಲಿಲ್ಲ. ಮೀಟರ್ ಬೋರ್ಡಿನ ಹಿಂದೆ ಕೈ ಹಾಕಿ ಕ್ಯಾಮೆರಾವನ್ನು ವೈರಿನ ಸಮೇತ ಕಿತ್ತಳು. ಗೋಡೆಯ ಗಾರೆ ಸ್ವಲ್ಪ ಉದುರಿತು. ಅದನ್ನು ಪಾರ್ಲರಿನವಳ ಕೈಗೆ ಇಟ್ಟಳು.

“ಇದು ನಿನ್ನದು ಅಕ್ಕ. ಒಡೆದು ಹಾಕ್ತೀಯೋ, ಪೊಲೀಸ್ ಸ್ಟೇಷನ್ನಿಗೆ ಕೊಡ್ತೀಯೋ, ನಿನ್ನಿಷ್ಟ. ನಾನು ತಡೆಯಲ್ಲ, ಸಾಕ್ಷಿ ಬೇಕಂದ್ರೂ ಬರ್ತೀನಿ. ಅಪ್ಪನ ಫೋನಲ್ಲಿ, ಕಂಪನಿ ಹತ್ತಿರ ಇರೋದನ್ನೆಲ್ಲ ನಿನ್ನ ಕಣ್ಣೆದುರಿಗೇ ಅಳಿಸ್ತೀನಿ. ಡಬ್ಬನೂ ನಿಂದೇ. ಬೇಕಂದ್ರೆ ಈಗಲೇ ಬಿಚ್ಕೊಡ್ತೀನಿ.”

ಪಾರ್ಲರಿನವಳು ಅಂಗೈಯಲ್ಲಿದ್ದ ಕ್ಯಾಮೆರಾವನ್ನು ತಿರುಗಿಸಿ ನೋಡಿದಳು. ಆಮೇಲೆ ಗಂಡನ ಕೈಗೆ ಕೊಟ್ಟಳು.

“ಡಬ್ಬ ನಾನು ನಿನಗೆ ಕೊಟ್ಟಿದ್ದು, ಇವರಿಗಲ್ಲ. ಹೋಗು, ವೈರು ಹಾಕು. ನನ್ನ ಬೆನ್ನು ನೋಡ್ಕೋ. ಇವರ ವಿಚಾರ ಆಟ ಆದ್ಮೇಲೆ.”

ಇಬ್ಬರೂ ಒಬ್ಬಳು ಮೇಲಕ್ಕೆ, ಒಬ್ಬಳು ಕೆಳಕ್ಕೆ ಓಡಿದರು. ಮೇಸ್ತ್ರಿ ಮೇಲಿನ ಮೆಟ್ಟಿಲ ಮೇಲೆ ಕೂತ. ಚೆಕಿಂಗಪ್ಪ ಒಳಗೆ ಹೋಗಲು ಹೊರಟರೆ ಹೆಂಡತಿ ಬಾಗಿಲಿಗೆ ಕೈ ಅಡ್ಡ ಇಟ್ಟಳು. “ನೀವಲ್ಲೇ ಇರಿ. ಆಟ ಮುಗೀಲಿ.”

ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ. ಬೆನ್ನ ಹಿಂದೆ ಮೇಸ್ತ್ರಿ, ಅವನ ಕೈಯಲ್ಲಿ ಕ್ಯಾಮೆರಾ. ಕಿಟಕಿಯಿಂದ ಮಗಳ ದನಿ, ಮಹಡಿಯಿಂದ ಪಾರ್ಲರಿನವಳ ದನಿ. ಎಲ್ಲಿ ನಿಲ್ಲುತ್ತದೋ ಎಂದು ಚೆಕಿಂಗಪ್ಪ ಕಿವಿ ನೆಟ್ಟಗೆ ಮಾಡಿ ಕೂತಿದ್ದ. ದನಿ ನಿಲ್ಲಲಿಲ್ಲ. ಒಮ್ಮೆ ಮಾತ್ರ ಮಗಳು ಚೀರಿದಳು, ಅವನು ಎದ್ದೇ ಬಿಟ್ಟ. ಆದರೆ ಅದು ಬೇರೆ ಚೀರು. ಯಾರನ್ನೋ ಹೊಡೆದುರುಳಿಸಿದ ಚೀರು. ಮೇಲೆ ಪಾರ್ಲರಿನವಳು ಗಹಗಹಿಸಿದಳು. ಮೇಸ್ತ್ರಿಯೂ ತಡೆಯಲಾರದೆ “ಹಾಕು ಇನ್ನೊಂದು!” ಎಂದ.

ಮಗಳು ಹೊರಗೆ ಬಂದಾಗ ಬೆವೆತಿದ್ದಳು.

“ಗೆದ್ರಾ?” ಎಂದ ಚೆಕಿಂಗಪ್ಪ, ನೆಲ ನೋಡುತ್ತ.

“ಸೋತ್ವಿ.”

“ಲೈನು?”

“ಒಂದ್ಸಲಾನೂ ನಿಲ್ಲಲಿಲ್ಲ. ಅವರು ನಮಗಿಂತ ಚೆನ್ನಾಗಿ ಆಡಿದ್ರು, ಸೋತ್ವಿ. ಕ್ಯಾಪ್ಟನ್ ಬಾಯಿಗೆ ಬಂದಂಗೆ ಬೈದಳು.” ಅಷ್ಟು ಹೇಳಿ ಮಗಳು ನಕ್ಕಳು. “ನಾಳೆ ಸಂಜೆ ಅಭ್ಯಾಸಕ್ಕೆ ಬಾ ಅಂದಳು.”

ಮಾರನೇ ಬೆಳಿಗ್ಗೆ ಮಗಳು ಪಾರ್ಲರಿನವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಯಾಮೆರಾದ ಚಿತ್ರಗಳನ್ನೆಲ್ಲ ಅಳಿಸಿದಳು. ಕ್ಯಾಮೆರಾ ಏನಾಯಿತೆಂದು ಮೇಸ್ತ್ರಿಗೆ ಗೊತ್ತು, ಅವನು ಹೇಳುವುದಿಲ್ಲ. ಪೊಲೀಸರ ತನಕ ಹೋಗಲಿಲ್ಲ, ಆದರೆ ಪಾರ್ಲರಿನವಳು ಚೆಕಿಂಗಪ್ಪನನ್ನು ದೊಡ್ಡಪ್ಪ ಎನ್ನುವುದನ್ನು ಬಿಟ್ಟಳು. ಎದುರಾದರೆ ಗೋಡೆ ಕಡೆ ಸರಿದು ಹೋಗುತ್ತಾಳೆ. ಅವನೂ ಸರಿಯುತ್ತಾನೆ. ಮಗಳು ಎರಡೂ ಡಬ್ಬದ ಪಾಸ್‌ವರ್ಡ್ ಬದಲಾಯಿಸಿದಳು. ಅಮ್ಮನ ಫೋನಿಗೆ ಹಾಕಿಕೊಟ್ಟಳು. ಅಪ್ಪನ ಫೋನನ್ನು ಮುಟ್ಟಲಿಲ್ಲ.

“ನಂಗೆ?” ಎಂದ ಚೆಕಿಂಗಪ್ಪ.

“ಕೇಳು, ಹಾಕಿಕೊಡ್ತೀನಿ. ಯಾಕೆ ಬೇಕು ಅಂತ ಹೇಳಿ ಕೇಳು.”

“ನನ್ನ ಮನೇಲಿ ನಾನ್ಯಾಕೆ ಕೇಳ್ಲಿ?”

“ಹಾಗಾದ್ರೆ ಬೇಡ ಬಿಡು.”

ಅವನು ಇನ್ನೂ ಕೇಳಿಲ್ಲ. ಸುದ್ದಿ ನೋಡಬೇಕೆಂದರೆ ಟೀವಿ ಹಚ್ಚುತ್ತಾನೆ. ಅನುಮಾನವೇನೂ ಹೋಗಿಲ್ಲ, ಗ್ಯಾಸ್ ಸಿಲಿಂಡರು ಬಂದರೆ ಈಗಲೂ ಎತ್ತಿ ನೋಡುತ್ತಾನೆ. ಆದರೆ ತಂಡದ ಆಟವಿರುವ ಸಂಜೆ ಮಗಳ ಕೋಣೆಯ ಬಾಗಿಲು ಮುಚ್ಚಿತೆಂದರೆ, ಅವನು ತನ್ನ ಫೋನನ್ನು ಪೂರ್ತಿ ಆರಿಸಿ ಕಟ್ಟೆಯ ಮೇಲೆ ಬೋರಲು ಹಾಕುತ್ತಾನೆ, ಟೀವಿಯನ್ನೂ ಆರಿಸುತ್ತಾನೆ. ಪಾಸ್‌ವರ್ಡೇ ಇಲ್ಲದ ಫೋನು ಹೊತ್ತಿದ್ದರೂ ಲೈನಿಗೆ ಒಂದೇ, ಆರಿದ್ದರೂ ಒಂದೇ. ಅದು ಅವನಿಗೆ ಗೊತ್ತಿದೆಯೋ ಇಲ್ಲವೋ, ಮನೆಯಲ್ಲಿ ಯಾರೂ ಕೇಳಲು ಹೋಗಿಲ್ಲ.